ಎರಡು ದಿನ ಹುಲ್ಲು, ಎರಡು ದಿನ ದೇವಸ್ಥಾನ

ಸದಾಶಿವನಗರ

ಈ ಪ್ರವಾಸವನ್ನು ಯೋಚಿಸಿದವರು ನಮ್ಮ ಯಜಮಾನರು. ಹೋಗಿಬಂದವಳು ನಾನು. ಆದ್ದರಿಂದ ವಿಮಾನದಿಂದ ಶುರುಮಾಡದೆ ತುಮಕೂರಿನ ಸದಾಶಿವನಗರದ ನಮ್ಮ ಮನೆಯ ಊಟದ ಮೇಜಿನಿಂದಲೇ ಶುರುಮಾಡುತ್ತೇನೆ. ಪ್ರವಾಸದ ಹೆಚ್ಚಿನ ಭಾಗ ನಡೆದದ್ದು ಅಲ್ಲಿಯೇ.

ಯಜಮಾನರ ಹೆಸರು ಬಸವರಾಜು. ವಸಂತನರಸಾಪುರದ ಒಂದು ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ನೋಡಿಕೊಳ್ಳುತ್ತಿದ್ದರು. ಅಲ್ಲಿಗೆ ಬಂದಿದ್ದ ಕೊರಿಯಾದ ಸಾಹೇಬರೊಬ್ಬರು ಭಾನುವಾರ ಗಾಲ್ಫ್ ಆಡಲು ಬೆಂಗಳೂರಿಗೆ ಹೋಗುವಾಗ ಇವರನ್ನೂ ಕರೆದೊಯ್ಯುತ್ತಿದ್ದರು. ಹಾಗೆ ಆಟ ಕಲಿತರು. ಸಾಹೇಬರು ತಮ್ಮ ದೇಶಕ್ಕೆ ಮರಳುವಾಗ ಹಳೆಯ ಕೋಲುಗಳ ಚೀಲವನ್ನು ಇವರಿಗೇ ಬಿಟ್ಟುಹೋದರು. ಅಂದಿನಿಂದ ನಮ್ಮ ಮನೆಯ ಬಾಗಿಲ ಹಿಂದೆ ಛತ್ರಿಗಳ ಜೊತೆ ಆ ಚೀಲವೂ ನಿಂತಿತು.

ತುಮಕೂರಿನಲ್ಲಿ ಗಾಲ್ಫ್ ಆಡಲು ಜಾಗವೆಲ್ಲಿ? ಇವರ ಜೊತೆ ಕೆಲಸ ಮಾಡುವ ರಂಗನಾಥನ ಊರು ಕುಣಿಗಲ್ ಪಕ್ಕ. ರಾಗಿ ಕುಯ್ದ ಮೇಲೆ ಅವನ ಹೊಲ ಖಾಲಿ ಬೀಳುತ್ತಿತ್ತು. ಇಬ್ಬರೂ ಅಲ್ಲಿ ಹೋಗಿ ಕೂಳೆಯ ಮಧ್ಯೆ ಚೆಂಡು ಹೊಡೆಯುತ್ತಿದ್ದರು. ಒಂದು ದಿನ ರಂಗನಾಥನ ಚಿಕ್ಕಮ್ಮ ಬದುವಿನ ಮೇಲೆ ನಿಂತು ಬಹಳ ಹೊತ್ತು ನೋಡಿ, "ಏನ್ಲಾ ರಂಗ, ನಿಮ್ ಬಸವರಾಜಪ್ಪ ಹಾವು ಹೊಡಿತಾವ್ರಾ? ಹಾವು ಆಗ್ಲೇ ಹೋಯ್ತು ಅಂತ ಯೋಳು," ಎಂದರಂತೆ. ಯಜಮಾನರು ಮನೆಗೆ ಬಂದು ಇದನ್ನು ಹೇಳಿ ತಾವೇ ನಕ್ಕರು. ಗುಬ್ಬಿಯ ಬೀದಿಯಲ್ಲಿ ಚಿನ್ನಿದಾಂಡು ಆಡಿ ಬೆಳೆದವರು. ಇದೂ ಅದೇ ಆಟ, ಚಿನ್ನಿ ಗುಂಡಗಿದೆ ಅಷ್ಟೇ ಎನ್ನುತ್ತಿದ್ದರು.

ಸಮುದ್ರದ ಪಕ್ಕದ ಹುಲ್ಲಿನ ಮೇಲೆ ಒಮ್ಮೆ ಆಡಬೇಕು ಎಂಬ ಆಸೆ ಅವರಿಗೆ ಹೇಗೆ ಹತ್ತಿತೋ ತಿಳಿಯದು. ವಿಯೆಟ್ನಾಂ ದೇಶದ ಡಾ ನಾಂಗ್ ಎಂಬ ಊರನ್ನು ಫೋನಿನಲ್ಲಿ ಹುಡುಕಿ ಇಟ್ಟುಕೊಂಡಿದ್ದರು. ರಾತ್ರಿಯ ಊಟ ಮುಗಿದು ನಾನು ತಟ್ಟೆ ತೆಗೆಯುವ ಮುಂಚೆಯೇ ಫೋನು ಮೇಜಿನ ಮೇಲೆ ಬರುತ್ತಿತ್ತು.

"ರೀ, ಅಷ್ಟು ದೂರ ಹೋಗಿ ಹುಲ್ಲು ನೋಡ್ಕೊಂಡು ಬರ್ಬೇಕಾ?" ಎಂದೆ.

"ಬರೀ ಹುಲ್ಲಲ್ಲ ಕಣೆ ಮಂಗಳಾ. ಒಂದು ಕೆಲ್ಸ ಮಾಡಣ. ಎರಡು ದಿನ ನೀನು ನನ್ ಜೊತೆ ಹುಲ್ಲು ನೋಡು. ಎರಡು ದಿನ ನಾನು ನಿನ್ ಜೊತೆ ದೇವಸ್ಥಾನ ನೋಡ್ತೀನಿ. ಅಲ್ಲಿ ಶಿವನ ಗುಡಿ ಅವೆ, ನೋಡಿಲ್ಲಿ."

"ದೇವಸ್ಥಾನದಲ್ಲಿ ಹೊರಗಡೆ ಚಪ್ಪಲಿ ಕಾಯ್ತೀನಿ ಅಂತ ಕೂರಂಗಿಲ್ಲ."

"ಕೂರಲ್ಲ. ನೀನೂ ಹುಲ್ಲಿನ ಮೇಲೆ ಆಕಳಿಸಂಗಿಲ್ಲ."

ಒಪ್ಪಂದ ಅದೇ. ರಂಗನಾಥ ಮತ್ತು ಅವನ ಹೆಂಡತಿ ಸುಧಾ ಕೂಡ ಬರುವುದೆಂದಾಯಿತು. ಟಿಕೆಟ್ಟುಗಳಾದವು. ಅದಾದ ಸ್ವಲ್ಪ ದಿನಕ್ಕೆ, ಒಂದು ಬೆಳಗ್ಗೆ ಕಾರ್ಖಾನೆಗೆ ಹೊರಡಲು ಕೂತು ಶೂ ಹಾಕಿಕೊಳ್ಳುತ್ತಿದ್ದ ನಮ್ಮ ಯಜಮಾನರು ಮತ್ತೆ ಏಳಲಿಲ್ಲ. ಒಂದು ಕಾಲಿನ ಲೇಸು ಕಟ್ಟಿ ಆಗಿತ್ತು.

ಗುಬ್ಬಿ

ನಮ್ಮಲ್ಲಿ ಸುಡುವುದಿಲ್ಲ. ಕೊರಳಿನ ಲಿಂಗದ ಜೊತೆಗೆ ಕೂರಿಸಿ ಮಣ್ಣು ಮಾಡುತ್ತಾರೆ. ಗುಬ್ಬಿಯಲ್ಲಿ ಮೈದುನನ ಮನೆಯಿದೆ, ನಮ್ಮತ್ತೆ ಅವನ ಜೊತೆಗಿದ್ದಾರೆ. ಅಲ್ಲಿನ ಹೊಲದ ಅಂಚಿನ ಹುಣಸೆಮರದ ಹತ್ತಿರ ಗುಂಡಿ ತೆಗೆದಿದ್ದರು. ವಿಭೂತಿ, ಬಿಲ್ವಪತ್ರೆ ಹಾಕಿದ ಮೇಲೆ ಮನೆಯವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುವುದು ಪದ್ಧತಿ. ಅತ್ತೆ ಹಾಕಿದರು. ನನ್ನ ಕೈಗೂ ಮಣ್ಣು ಕೊಟ್ಟರು. ನಾನು ಹಿಡಿದೆ. ಆದರೆ ಬೆರಳು ಬಿಚ್ಚಲಿಲ್ಲ. ಯಾರೋ ಭುಜ ಹಿಡಿದರು, ಯಾರೋ "ಹಾಕಮ್ಮ" ಎಂದರು. ಆಗಲಿಲ್ಲ. ನಾದಿನಿ ನನ್ನನ್ನು ಹಾಗೆಯೇ ಮನೆಗೆ ಕರೆತಂದಳು. ಕೈ ತೊಳೆಸುವಾಗ ಆ ಮಣ್ಣು ಬಚ್ಚಲಲ್ಲಿ ಹೋಯಿತು.

ಆಮೇಲೆ ಯಾರೂ ಆ ಮಾತೆತ್ತಲಿಲ್ಲ. ನನಗೆ ಮಾತ್ರ ಒಂದು ಕೆಲಸ ಅರ್ಧಕ್ಕೆ ಬಿಟ್ಟು ಬಂದಂತೆ ಇರುತ್ತಿತ್ತು. ವರ್ಷದ ಪುಣ್ಯತಿಥಿಗೆ ಸಮಾಧಿಯ ಮೇಲೆ ಕಲ್ಲು ಹಾಸುವುದು ಎಂದು ಮೈದುನ ಗೊತ್ತುಮಾಡಿದ್ದ. ಕಲ್ಲು ಕೂತ ಮೇಲೆ ಮಣ್ಣು ಹಾಕುವ ಮಾತಿಲ್ಲ.

ರಂಗನಾಥ ಮತ್ತು ಸುಧಾ ಆಗ ಪ್ರವಾಸ ಮುಂದೂಡಿದ್ದರು. ತಿಂಗಳುಗಳು ಕಳೆದ ಮೇಲೆ ಇಬ್ಬರೂ ಮನೆಗೆ ಬಂದು ಕೂತರು. "ಅತ್ಗೆ, ಅಣ್ಣ ಯೋಚ್ನೆ ಮಾಡಿದ್ದು. ನೀವು ಬಂದ್ರೆ ಹೋಗ್ತೀವಿ, ಇಲ್ದಿದ್ರೆ ನಾವೂ ಹೋಗಲ್ಲ," ಎಂದ ರಂಗನಾಥ. ವರ್ಷ ತುಂಬದೆ ಹೆಂಗಸು ತಿರುಗಾಡಲು ಹೋದಳು ಎಂದು ನಾಲ್ಕು ಜನ ಅನ್ನುವುದಿಲ್ಲವೇ? ಅತ್ತೆಯನ್ನು ಕೇಳಲು ಗುಬ್ಬಿಗೆ ಹೋದೆ. ಅವರು ಹುಣಸೆಹಣ್ಣಿನ ಬೀಜ ತೆಗೆಯುತ್ತ ಕೂತಿದ್ದರು. ತಲೆಯೆತ್ತಲಿಲ್ಲ.

"ಹೋಗ್ಬಾರವ್ವ. ಅವ್ನು ನೋಡ್ಬೇಕು ಅಂದಿದ್ದು ನೀನಾದ್ರೂ ನೋಡು."

"ಜನ ಏನಂತಾರೆ ಅತ್ತೆ?"

"ಜನ ಹುಣಸೆಹಣ್ಣು ಬುಡಿಸ್ಕೊಡೋಕೆ ಬತ್ತಾರಾ? ಬುಡು." ಇನ್ನೊಂದು ಬೀಜ ತೆಗೆದು ಹಾಕಿ ಅಂದರು: "ಬರೋವಾಗ ಅಲ್ಲಿಂದ ಒಂದಿಡಿ ಮಣ್ಣು ತಗಬಾ. ಕಲ್ಲಾಕೋಕೆ ಮುಂಚೆ ನೀನೇ ನಿನ್ ಕೈಯಾರೆ ಹಾಕುವಂತೆ. ಅವನು ಅಲ್ಲಿಗೆ ಹೋಗನಿಲ್ಲ. ಅದಾದ್ರೂ ಇವನ ತಾವ ಬರ್ಲಿ."

ಅವರೂ ಮರೆತಿರಲಿಲ್ಲ ಎಂದು ಆಗ ತಿಳಿಯಿತು.

ಸದಾಶಿವನಗರದಲ್ಲಿ ಪಕ್ಕದ ಮನೆಯವರು, "ಅಸ್ಥಿ ಸಮುದ್ರದಲ್ಲಿ ಬಿಡೋಕೆ ಹೋಗ್ತಿದೀರಾ?" ಎಂದು ಕೇಳಿದರು. "ನಮ್ಮಲ್ಲಿ ಬಿಡೋಕೆ ಏನೂ ಇಲ್ಲ ಕಣ್ರೀ. ತರೋಕೆ ಹೋಗ್ತಿದೀನಿ," ಎಂದೆ. ಅವರಿಗೆ ಅರ್ಥವಾಗಲಿಲ್ಲ.

ದಾರಿ

ಯಜಮಾನರ ಚೀಲದಿಂದ ಒಂದೇ ಒಂದು ಕೋಲು ತೆಗೆದುಕೊಂಡೆ. ಹಿಡಿಯ ಹತ್ತಿರ ಅವರ ಹೆಬ್ಬೆರಳು ತಾಗಿ ನುಣುಪಾಗಿತ್ತು. ರಂಗನಾಥ ಅದನ್ನು ತನ್ನ ಚೀಲದೊಳಗೆ ಸೇರಿಸಿಕೊಂಡ. ನನ್ನ ಪೆಟ್ಟಿಗೆಯಲ್ಲಿ ರಾಗಿ ಹುರಿಹಿಟ್ಟು, ಬೆಲ್ಲ, ಅವಲಕ್ಕಿ, ಒಂದು ಸ್ಟೀಲ್ ಡಬ್ಬಿ ಚಟ್ನಿಪುಡಿ. ಸುಧಾ ನೋಡಿ, "ಅಕ್ಕ, ನಾಲ್ಕು ದಿನಕ್ಕೆ ಹೋಗ್ತಿರೋದು, ಅಲ್ಲೇ ಸಂಸಾರ ಹೂಡೋಕಲ್ಲ," ಎಂದಳು. ಎರಡನೆಯ ದಿನ ಅವಳೇ ಹುರಿಹಿಟ್ಟಿಗೆ ಕೈ ಹಾಕಿದಳು.

ಬೆಂಗಳೂರಿನ ನಿಲ್ದಾಣದಲ್ಲಿ ತಪಾಸಣೆಯ ಚೌಕಟ್ಟು ದಾಟುವಾಗ ನನ್ನ ಕೊರಳಿನ ಬೆಳ್ಳಿ ಕರಡಿಗೆಗೆ ಅದು ಕೂಗಿತು. ಇಷ್ಟಲಿಂಗವಿರುವ ಕರಡಿಗೆಯನ್ನು ನಾವು ಮೈಯಿಂದ ದೂರ ಮಾಡುವುದಿಲ್ಲ. ಅಲ್ಲಿದ್ದ ಹುಡುಗಿ ನೋಡಿದವಳೇ, "ನಮ್ಮಜ್ಜಿನೂ ಕಟ್ಕೊಂಡಿರ್ತಾರೆ, ಈ ಕಡೆ ಬನ್ನಿ ಅಮ್ಮ," ಎಂದು ಪಕ್ಕಕ್ಕೆ ಕರೆದು ಕಳಿಸಿದಳು. ಮಧ್ಯದಲ್ಲಿ ವಿಮಾನ ಬದಲಿಸಿದ ಊರಿನಲ್ಲಿ ಹಾಗಾಗಲಿಲ್ಲ. ಅಧಿಕಾರಿ ಪ್ಲಾಸ್ಟಿಕ್ ತಟ್ಟೆ ತೋರಿಸಿ ಇದರಲ್ಲಿ ಹಾಕು ಎಂದು ಸನ್ನೆ ಮಾಡಿದ. ಹಿಂದೆ ಸಾಲು ಬೆಳೆಯುತ್ತಿತ್ತು. ಏನೂ ತೋಚದೆ ಕರಡಿಗೆ ತೆರೆದು, ಮನೆಯಲ್ಲಿ ಪೂಜೆಗೆ ಹಿಡಿಯುವಂತೆ ಲಿಂಗವನ್ನು ಎಡಗೈಯಲ್ಲಿಟ್ಟು ಅವನ ಮುಂದೆ ಚಾಚಿದೆ. ಅವನು ನನ್ನ ಕೈ ನೋಡಿದ, ಮುಖ ನೋಡಿದ. ಕೈಯಲ್ಲಿದ್ದ ಯಂತ್ರವನ್ನು ನನ್ನ ಅಂಗೈಯ ಸುತ್ತ ಒಮ್ಮೆ ನಿಧಾನವಾಗಿ ಆಡಿಸಿ, ಸ್ವಲ್ಪ ತಲೆಬಾಗಿ, ಮುಂದೆ ಹೋಗು ಎಂದ. ಖಾಲಿ ಕರಡಿಗೆ ಮಾತ್ರ ತಟ್ಟೆಯಲ್ಲಿ ಹೋಯಿತು.

ಡಾ ನಾಂಗ್, ಮೊದಲ ಸಂಜೆ

ಊರು ಚೊಕ್ಕಟವಾಗಿದೆ. ಸಮುದ್ರದ ಉದ್ದಕ್ಕೂ ರಸ್ತೆ, ರಸ್ತೆಯ ಉದ್ದಕ್ಕೂ ಸ್ಕೂಟರು. ನಮ್ಮ ತುಮಕೂರಿನ ಬಿ.ಎಚ್. ರಸ್ತೆ ದಾಟಿದವರಿಗೆ ಯಾವ ರಸ್ತೆಯೂ ಭಯವಿಲ್ಲ ಎಂದುಕೊಂಡಿದ್ದೆ. ತಪ್ಪು. ನಮ್ಮಲ್ಲಿ ಗಾಡಿ ನಿಲ್ಲಲಿ ಎಂದು ಕಾಯುತ್ತೇವೆ, ಸಂದು ಸಿಕ್ಕಾಗ ಓಡುತ್ತೇವೆ. ಅಲ್ಲಿ ನಿಲ್ಲುವುದೂ ಇಲ್ಲ, ಓಡಲೂಬಾರದು. ನಾವು ಫುಟ್‌ಪಾತಿನಲ್ಲಿ ಹಿಂದೆಮುಂದೆ ನೋಡುತ್ತ ನಿಂತಿದ್ದಾಗ ತರಕಾರಿ ಚೀಲ ಹಿಡಿದ ಒಬ್ಬ ಮುದುಕಿ ಬಂದು, ಒಂದು ಮಾತೂ ಆಡದೆ ನನ್ನ ಮೊಣಕೈ ಹಿಡಿದು ರಸ್ತೆಗೆ ಇಳಿದೇಬಿಟ್ಟಳು. ಒಂದೇ ಸಮನೆ ನಿಧಾನವಾಗಿ ನಡೆದಳು. ಸ್ಕೂಟರುಗಳು ನೀರಿನ ಹಾಗೆ ಪಕ್ಕದಲ್ಲಿ ಸರಿದು ಹೋದವು. ಆಚೆ ತಲುಪಿಸಿ, ಕೈ ತಟ್ಟಿ, ಮತ್ತೆ ತಾನು ಬಂದ ಕಡೆಗೇ ವಾಪಸು ದಾಟಿದಳು. ಅವಳಿಗೆ ಆಚೆ ಕೆಲಸವೇ ಇರಲಿಲ್ಲ.

ಕಾಫಿ ನಮ್ಮ ಫಿಲ್ಟರ್ ಕಾಫಿಯ ದಾಯಾದಿ. ಲೋಟದ ಮೇಲೆ ಪುಟ್ಟ ತಗಡಿನ ಫಿಲ್ಟರು ಕೂರಿಸಿ ತರುತ್ತಾರೆ. ತಳದಲ್ಲಿ ಗಟ್ಟಿ ಸಿಹಿ ಹಾಲು. ತೊಟ್ಟಿಕ್ಕುವ ತನಕ ಕಾಯಬೇಕು. ಅವಸರವಿರುವವರಿಗೆ ಹೇಳಿದ್ದಲ್ಲ.

ನಾವು ಇಳಿದುಕೊಂಡಿದ್ದ ಹೋಟೆಲಿನ ಬಾಗಿಲ ಹತ್ತಿರ, ನೆಲದ ಮೇಲೆ ಒಂದು ಚಿಕ್ಕ ದೇವರ ಗೂಡು. ಅದರ ಮುಂದೆ ಕಿತ್ತಳೆ, ಊದುಬತ್ತಿ, ಒಂದು ಲೋಟ ಕಾಫಿ. ಕಾಫಿ ಬಿಸಿಯಾಗಿತ್ತು, ಹಬೆಯಾಡುತ್ತಿತ್ತು. ರಂಗನಾಥ ವಿಚಾರಿಸಿ ಬಂದು, ದೇವರಿಗೂ ಹಿರಿಯರಿಗೂ ಹೀಗೆ ಇಡುತ್ತಾರಂತೆ ಎಂದ. ಯಜಮಾನರ ಹನ್ನೊಂದನೆಯ ದಿನದ ಎಡೆಗೆ ನಾನು ತಟ್ಟೆ ಇಡ್ಲಿ ಇಟ್ಟಿದ್ದೆ, ಮೇಲೆ ಬೆಣ್ಣೆ ಹಾಕಿ. ಆರಿಹೋದ ಇಡ್ಲಿಯನ್ನು ಅವರು ಬದುಕಿದ್ದಾಗ ಮುಟ್ಟುತ್ತಿರಲಿಲ್ಲ. ಬಿಸಿಯಾಗಿಯೇ ಇಟ್ಟೆನೋ ಇಲ್ಲವೋ, ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.

ಹುಲ್ಲಿನ ಎರಡು ದಿನ

ಹುಲ್ಲು ನೋಡಿದ ಕೂಡಲೇ ಅವರ ಮಾತು ಒಪ್ಪಿಕೊಂಡೆ. ಅದು ಬರೀ ಹುಲ್ಲಲ್ಲ. ತಗ್ಗು ದಿಣ್ಣೆಗಳ ಮೇಲೆ ಯಾರೋ ಹಸಿರು ಕಂಬಳಿ ಹೊದಿಸಿ, ನಾಲ್ಕೂ ಕಡೆ ಎಳೆದು ಸರಿಮಾಡಿದಂತಿತ್ತು. ಗಾಳಿಮರಗಳ ಸಾಲಿನ ಆಚೆ ಸಮುದ್ರ. ನಾನು ಮನಸ್ಸಿನಲ್ಲೇ, ರೀ, ಆಕಳಿಸಲ್ಲ ಎಂದೆ.

ಆಟಗಾರರ ಚೀಲ ನೋಡಿಕೊಂಡು ದಾರಿ ತೋರಿಸುವವರನ್ನು ಕ್ಯಾಡಿ ಎನ್ನುತ್ತಾರೆ. ಅಲ್ಲಿ ಕ್ಯಾಡಿಗಳೆಲ್ಲ ಹೆಂಗಸರು. ಬಿದಿರಿನ ಚೂಪು ಟೋಪಿ, ಮುಖಕ್ಕೆ ಬಟ್ಟೆ, ಕೈಗೆ ಗವಸು. ಕಣ್ಣು ಮಾತ್ರ ಕಾಣುತ್ತದೆ. ಹುಲ್ಲಿನ ಮೇಲೆ ಓಡಾಡಲು ಕೊಟ್ಟ ನಮ್ಮ ಪುಟ್ಟ ಗಾಡಿಗೆ ಬಂದವಳ ಹೆಸರು ಲಾನ್. ಅವಳಿಗೆ ನಮ್ಮ ಭಾಷೆ ಬಾರದು. ನಾನು ಕನ್ನಡದಲ್ಲಿ ಹೇಳಿದ್ದನ್ನು ಫೋನು ಅವಳ ಭಾಷೆಯಲ್ಲಿ ಹೇಳುತ್ತಿತ್ತು. ಅವಳ ಮಾತನ್ನು ನನಗೆ ಪಾಠದ ಪುಸ್ತಕದ ಕನ್ನಡದಲ್ಲಿ ಹೇಳುತ್ತಿತ್ತು. "ತಮ್ಮ ಪತಿಯವರು ಏಕೆ ಆಗಮಿಸಲಿಲ್ಲ?" ಎಂದು ಫೋನು ಕೇಳಿದಾಗ ಸುಧಾ ನಗು ತಡೆಯಲಾರದೆ ಆ ಕಡೆ ತಿರುಗಿದಳು. ನನಗೂ ನಗು ಬಂತು. ಅಷ್ಟು ತಿಂಗಳ ಮೇಲೆ ಆ ಪ್ರಶ್ನೆಗೆ ನಗುತ್ತ ಉತ್ತರ ಹೇಳಿದ್ದು ಅದೇ ಮೊದಲು.

ರಂಗನಾಥ ರಾಗಿ ಹೊಲದಲ್ಲಿ ಕಲಿತವನು. ಅಷ್ಟು ನುಣುಪಾದ ಹುಲ್ಲಿನ ಮೇಲೆ ಅವನ ಚೆಂಡು ನಿಲ್ಲಲೇ ಒಲ್ಲದು. "ಕೂಳೆ ಇದ್ದಿದ್ರೆ ತಡೀತಿತ್ತು ಅತ್ಗೆ," ಎಂದ. ಸುಧಾ, "ಮುಂದಿನ ಸಲ ಒಂದು ಮೂಟೆ ಕೂಳೆ ಹೊತ್ಕೊಂಡು ಬನ್ನಿ," ಎಂದಳು.

ಎರಡನೆಯ ದಿನ ಅವನು ಯಜಮಾನರ ಕೋಲನ್ನು ನನ್ನ ಕೈಗೆ ಕೊಟ್ಟ. "ಒಂದೇ ಒಂದು. ಅಣ್ಣನ ಲೆಕ್ಕದಲ್ಲಿ."

"ನಂಗೆ ಬರಲ್ಲ ಕಣೋ."

"ನಂಗೆ ಬತ್ತದಾ? ಎರಡು ದಿನದಿಂದ ನೋಡ್ತಿದೀರಲ್ಲ."

ಸೆರಗು ಸಿಕ್ಕಿಸಿ ಬೀಸಿದೆ. ಚೆಂಡು ಒಂದು ಮಾರು ದೂರ ಉರುಳಿತು. ಅದಕ್ಕಿಂತ ಮುಂದೆ ಹೋಗಿ ಬಿದ್ದದ್ದು ಒಂದು ಹೆಂಟೆ ಹುಲ್ಲು. ಕೋಲು ನೆಲವನ್ನೇ ಅಗೆದಿತ್ತು. ಹಸಿರು ಕಂಬಳಿಯ ನಡುವೆ ಅಂಗೈಯಗಲದ ಮಣ್ಣು ಬಾಯಿ ತೆರೆದುಕೊಂಡಿತು.

ಲಾನ್ ಗಾಬರಿಯಾಗಲಿಲ್ಲ. ಎಲ್ಲರೂ ಹಾಗೆ ಮಾಡುತ್ತಾರಂತೆ, ಆಟವೇ ಹಾಗಂತೆ. ಕಿತ್ತುಹೋದ ಹುಲ್ಲನ್ನು ತಂದು ಗುಳಿಯಲ್ಲಿ ಕೂರಿಸಿದಳು. ಗಾಡಿಯಲ್ಲಿ ಕಟ್ಟಿಕೊಂಡಿದ್ದ ಮರಳಿನ ಬಾಟಲಿ ತೆಗೆದಳು. ಗುಳಿ ಮುಚ್ಚದೆ ಮುಂದೆ ಹೋಗುವಂತಿಲ್ಲ, ಅದು ಅವರ ನಿಯಮ. ನಾನು ನೋಡುತ್ತಿದ್ದುದನ್ನು ಕಂಡು, ನೀನೇ ಹಾಕು ಎಂದು ಬಾಟಲಿ ಕೊಟ್ಟಳು. ನಾನು ಬಗ್ಗಿ, ಒಂದು ಹಿಡಿ ಮರಳು ಕೈಗೆ ಸುರಿದುಕೊಂಡೆ.

ಬೆರಳು ಬಿಚ್ಚಲಿಲ್ಲ. ಮತ್ತೆ ಅದೇ. ಕೈಯಲ್ಲಿ ಮರಳು, ಎದುರಿಗೆ ತೆರೆದ ಮಣ್ಣು, ಹಿಂದೆ ಕಾಯುತ್ತ ನಿಂತ ಜನ. ಲಾನ್ ನನ್ನ ಮುಷ್ಟಿಯ ಕೆಳಗೆ ಬಾಟಲಿಯ ಬಾಯಿ ಹಿಡಿದಳು. ಮರಳು ಅದರೊಳಕ್ಕೆ ಇಳಿಯಿತು. ಆಮೇಲೆ ತಾನೇ ಗುಳಿ ಮುಚ್ಚಿ, ಕಾಲಿನಿಂದ ಮೆಲ್ಲಗೆ ಒತ್ತಿದಳು.

ಗಾಡಿಯಲ್ಲಿ ಕೂತ ಮೇಲೆ ಫೋನಿನ ಮುಂದೆ ಎಲ್ಲವನ್ನೂ ಹೇಳಿದೆ. ಅತ್ತೆ ಮಣ್ಣು ತರಲು ಹೇಳಿದ್ದು, ಅಂದು ನನ್ನ ಕೈ ಬಿಚ್ಚದೆ ಹೋದದ್ದು. ಈ ಬಾಟಲಿಯಿಂದಲೇ ಒಂದು ಹಿಡಿ ಕೊಡುತ್ತೀಯಾ ಎಂದು ಕೇಳಿದೆ. ಅವಳು ಕೇಳಿಸಿಕೊಂಡು, ಬಾಟಲಿಯನ್ನು ಅದರ ಜಾಗದಲ್ಲಿ ಸಿಕ್ಕಿಸಿ ಮಾತಾಡಿದಳು. ಫೋನು ಹೇಳಿತು: "ಈ ಮರಳು ಇಲ್ಲಿಯದಲ್ಲ. ಇದು ಲಾರಿಯಲ್ಲಿ ಬರುತ್ತದೆ. ನಾನು ನಿಮಗೆ ನಮ್ಮ ಮರಳನ್ನು ನೀಡುತ್ತೇನೆ. ನನ್ನ ತಂದೆಯ ಸಮಾಧಿ ಸಹ ಮರಳಿನಲ್ಲಿದೆ. ನಾನು ಅವರಿಗೆ ಕಾಫಿ ನೀಡುತ್ತೇನೆ."

ಕೆಲಸ ಮುಗಿಸಿದ ಮೇಲೆ ಅವಳು ನಮ್ಮನ್ನು ಗಾಳಿಮರಗಳ ಆಚೆ ಕರೆದೊಯ್ದಳು. ಮುಖದ ಬಟ್ಟೆ ತೆಗೆದಾಗ ತಿಳಿಯಿತು, ನನ್ನ ವಯಸ್ಸಿನವಳೇ. ನಾನು ಮಣ್ಣಿಗೆಂದು ಬೆಳಗ್ಗೆಯೇ ಚಟ್ನಿಪುಡಿಯ ಡಬ್ಬಿ ಖಾಲಿ ಮಾಡಿ ತೊಳೆದು ತಂದಿದ್ದೆ. ಅವಳು ಮೇಲಿನ ಮರಳು ಸರಿಸಿ, ಕೆಳಗಿನ ತಂಪು ಮರಳನ್ನು ಎರಡೂ ಕೈಯಿಂದ ತೆಗೆದು ತುಂಬಿದಳು. ಮುಚ್ಚಳ ತಾನೇ ಒತ್ತಿ ಕೊಟ್ಟಳು.

ದೇವಸ್ಥಾನದ ಎರಡು ದಿನ

ಯಜಮಾನರು ಫೋನಿನಲ್ಲಿ ತೋರಿಸಿದ ಶಿವನ ಗುಡಿಗಳು ಊರಿನಿಂದ ದೂರ, ಬೆಟ್ಟಗಳ ನಡುವಿನ ಮಿ ಸನ್ ಎಂಬ ಜಾಗದಲ್ಲಿವೆ. ಒಂದಾನೊಂದು ಕಾಲದ ಚಾಮ್ ರಾಜರು ಕಟ್ಟಿಸಿದ್ದು. ಕೆಂಪು ಇಟ್ಟಿಗೆ, ಸಂದುಗಳಲ್ಲಿ ಹುಲ್ಲು. ಯುದ್ಧದ ಬಾಂಬು ಬಿದ್ದ ಗುಳಿಗಳು ಇನ್ನೂ ಇವೆ, ಅವುಗಳ ಮೇಲೂ ಈಗ ಹುಲ್ಲು ಬೆಳೆದಿದೆ. ಒಂದು ಲಿಂಗ ಬಯಲಲ್ಲಿತ್ತು. ಗಂಟೆಯಿಲ್ಲ, ಎಣ್ಣೆಯ ಜಿಡ್ಡಿಲ್ಲ, ಪೂಜಾರಿಯಿಲ್ಲ. ಬಿಸಿಲಲ್ಲಿ ಸುಮ್ಮನೆ ಇತ್ತು. ಇಷ್ಟು ದೂರದಲ್ಲಿ ನಮ್ಮವರೊಬ್ಬರು ಸಿಕ್ಕಂತಾಯಿತು. ಮುಟ್ಟಬಾರದು ಎಂದು ಫಲಕವಿತ್ತು, ಮುಟ್ಟಲಿಲ್ಲ. ನನ್ನ ಹಣೆಗೆ ವಿಭೂತಿ ಹಚ್ಚಿಕೊಂಡು ಕೈ ಮುಗಿದೆ. ಆ ದೇಶದವರೇ ಆದ ನಾಲ್ಕೈದು ಮುದುಕಿಯರು ನನ್ನನ್ನು ನೋಡಿ ಅವರೂ ಕೈ ಮುಗಿದು ನಿಂತರು. ಅದರಲ್ಲೊಬ್ಬಳು ತನ್ನ ಹಣೆ ಮುಂದೆ ಮಾಡಿದಳು. ಹಚ್ಚಿದೆ. ಆಮೇಲೆ ಎಲ್ಲರಿಗೂ ಹಚ್ಚಬೇಕಾಯಿತು.

ರಂಗನಾಥ ಹೊರಗೆ ಮರದ ಕೆಳಗೆ ಕೂತಿದ್ದ. "ಚಪ್ಪಲಿ ಕಾಯ್ತಿದೀನಿ ಅತ್ಗೆ," ಎಂದ. ಅಲ್ಲಿ ಚಪ್ಪಲಿ ಬಿಡುವ ಪದ್ಧತಿಯೇ ಇಲ್ಲ, ನಾನೊಬ್ಬಳೇ ಬಿಟ್ಟಿದ್ದೆ. ಆ ಮಾತನ್ನು ಯಜಮಾನರು ಅವನಿಗೆ ಹೇಳಿದ್ದರೋ, ಅವನಿಗೇ ಬಂತೋ ಕೇಳಲಿಲ್ಲ. ಸುಧಾ ಬಂದು ನನ್ನ ಕೈ ಹಿಡಿದುಕೊಂಡಳು.

ಮರುದಿನ ಅಮೃತಶಿಲೆಯ ಬೆಟ್ಟದ ಗುಹೆಗಳಲ್ಲಿ ಬುದ್ಧನನ್ನು ನೋಡಿದೆವು. ಒಪ್ಪಂದ ಅಲ್ಲಿಗೆ ಮುಗಿಯಿತು.

ಹೊರಡುವ ದಿನ

ಚಟ್ನಿಪುಡಿಯ ಡಬ್ಬಿಯನ್ನು ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ವಿಮಾನ ನಿಲ್ದಾಣದ ಕೌಂಟರಿನಲ್ಲಿ ರಂಗನಾಥ ಒಂದು ಮಾತು ಕೇಳಿಬಿಡೋಣ ಎಂದು ಕೇಳಿದ. ಹುಡುಗಿ ತಲೆಯಲ್ಲಾಡಿಸಿದಳು. ಬೇರೆ ದೇಶದ ಮಣ್ಣು ಮರಳನ್ನು ಹಾಗೆಲ್ಲ ಇಂಡಿಯಾಕ್ಕೆ ಒಯ್ಯುವಂತಿಲ್ಲ. ಅದರಲ್ಲಿ ಬೆಳೆಗೆ ತಗಲುವ ರೋಗ, ಹುಳ ಇರಬಹುದು.

ರಂಗನಾಥ ನನ್ನನ್ನು ಪಕ್ಕಕ್ಕೆ ಕರೆದ. "ಕೊಡಿ ಅತ್ಗೆ, ನನ್ ಶೂ ಒಳಗೆ ತುರುಕ್ತೀನಿ. ಒಂದಿಡಿ ಮಣ್ಣು ಯಾರ್ ನೋಡ್ತಾರೆ?"

ಕೊಡಬೇಕು ಎಂದೇ ಕೈ ಮುಂದೆ ಹೋಯಿತು. ಆ ಡಬ್ಬಿಗಾಗಿ ತಾನೇ ಅಷ್ಟು ದೂರ ಬಂದದ್ದು. ಆದರೆ ಸಮಾಧಿ ಇರುವುದು ಹೊಲದಲ್ಲಿ. ಅದರ ಸುತ್ತ ಮೈದುನ ರಾಗಿ ಹಾಕುತ್ತಾನೆ, ಹುರುಳಿ ಹಾಕುತ್ತಾನೆ. ರಂಗನಾಥನೂ ಹೊಲ ಇಟ್ಟುಕೊಂಡವನು.

"ನಿನ್ ಹೊಲಕ್ಕಾದ್ರೆ ಹಾಕ್ತಿದ್ಯೇನೋ?" ಎಂದು ಕೇಳಿದೆ.

ಅವನು ತಲೆ ತಗ್ಗಿಸಿದ. "ಇಲ್ಲ ಅತ್ಗೆ."

ಸುಧಾ ನನ್ನ ಜೊತೆ ಹೊರಗೆ ಬಂದಳು. ಬಾಗಿಲ ಪಕ್ಕದ ತೋಟದಲ್ಲಿ ದೇವಕಣಗಿಲೆಯ ಮರವೊಂದಿತ್ತು. ನಮ್ಮಲ್ಲಿ ಗುಡಿಗಳ ಹತ್ತಿರ ಇರುವಂಥದ್ದೇ, ಬಿಳಿ ಹೂವು, ನಡುವೆ ಅರಿಸಿನ. ಡಬ್ಬಿಯನ್ನು ಹಾಗೆಯೇ ಬೋರಲು ಹಾಕಲು ಮನಸ್ಸಾಗಲಿಲ್ಲ, ಕಸ ಸುರಿದಂತೆ ಎನಿಸಿತು. ಕೂತು, ಒಂದು ಹಿಡಿ ಕೈಗೆ ತೆಗೆದುಕೊಂಡು ಬುಡಕ್ಕೆ ಹಾಕಿದೆ. ಇನ್ನೊಂದು ಹಿಡಿ ಹಾಕಿದೆ. ಡಬ್ಬಿ ಖಾಲಿಯಾದ ಮೇಲೆ ಅಂಗೈ ಕೊಡವಿಕೊಂಡು ಎದ್ದೆ.

"ಅಕ್ಕ," ಎಂದಳು ಸುಧಾ. ಅವಳ ಕಣ್ಣಲ್ಲಿ ನೀರಿತ್ತು. ಅವಳೂ ಅಂದು ಗುಬ್ಬಿಯಲ್ಲಿ ನನ್ನ ಹಿಂದೆ ನಿಂತಿದ್ದವಳು. ಅವಳು ನೋಡುತ್ತಿದ್ದುದು ನನ್ನ ಕೈಯನ್ನು. ಆಗ ನಾನೂ ನೋಡಿಕೊಂಡೆ. ಬೆರಳುಗಳು ಬಿಚ್ಚಿದ್ದವು.

ಗುಬ್ಬಿ, ಮತ್ತೆ

ಕಲ್ಲು ಹಾಸುವವರು ಮರುದಿನ ಬರುವವರಿದ್ದರು. ಅತ್ತೆ ಮತ್ತು ನಾನು ಬೆಳಗ್ಗೆಯೇ ಹೊಲಕ್ಕೆ ಹೋದೆವು. ದಾರಿಯಲ್ಲಿ ಎಲ್ಲ ಹೇಳಿದೆ. ಬರಿಗೈಯಲ್ಲಿ ಬಂದೆ ಅತ್ತೆ ಎಂದೆ.

ಅವರು ಖಾಲಿ ಡಬ್ಬಿ ಇಸಿದುಕೊಂಡು ಮೂಗಿನ ಹತ್ತಿರ ಹಿಡಿದರು. "ಇನ್ನೂ ಚಟ್ನಿಪುಡಿ ವಾಸ್ನೆನೇ ಹೊಡಿತೈತೆ," ಎಂದರು. ಆಮೇಲೆ, "ರೋಗದ ಮಣ್ಣು ಬ್ಯಾಡ ಬುಡು. ಒಳ್ಳೆ ಕೆಲ್ಸ ಮಾಡ್ದೆ. ಇಲ್ಲಿ ಮಣ್ಣಿಗೇನು ಬರ ಬಂದೈತಾ?"

ಹುಣಸೆಮರದ ಕೆಳಗೆ ಕೂತೆ. ಸಮಾಧಿಯ ಮಣ್ಣು ಮಳೆಗೆ ಕುಸಿದು ಒಂದು ಕಡೆ ತಗ್ಗಾಗಿತ್ತು. ಪಕ್ಕದ ಸಾಲಿನಿಂದ ಒಂದು ಹಿಡಿ ಮಣ್ಣು ತೆಗೆದುಕೊಂಡೆ. ರಾತ್ರಿಯ ಇಬ್ಬನಿಗೆ ತಣ್ಣಗಿತ್ತು. ಅತ್ತೆ ನನ್ನ ಕಡೆ ನೋಡಲಿಲ್ಲ, ಹುಣಸೆಮರದ ಹೀಚು ನೋಡುತ್ತ ನಿಂತರು. ತಗ್ಗಾಗಿದ್ದ ಕಡೆ ಮಣ್ಣು ಹಾಕಿದೆ. ಲಾನ್ ಕಾಲಿನಿಂದ ಒತ್ತಿದ್ದಳು. ನಾನು ಅಂಗೈಯಿಂದ ಒತ್ತಿ, ಸುತ್ತಲ ಮಣ್ಣಿನ ಮಟ್ಟಕ್ಕೆ ಸರಿಮಾಡಿದೆ.

ಅತ್ತೆ ಬಂದು ಪಕ್ಕದಲ್ಲಿ ಕೂತರು. ಮನೆಯಿಂದ ತಂದಿದ್ದ ಫ್ಲಾಸ್ಕಿನಿಂದ ಲೋಟಕ್ಕೆ ಕಾಫಿ ಬಗ್ಗಿಸಿ ಸಮಾಧಿಯ ಮುಂದಿಟ್ಟೆ. ಹಬೆಯಾಡುತ್ತಿತ್ತು. ಅವರು ಲೋಟವನ್ನು ಇನ್ನೂ ಸ್ವಲ್ಪ ಹತ್ತಿರಕ್ಕೆ ಸರಿಸಿದರು.

"ಈಗ ಯೋಳವ್ವ," ಎಂದರು. "ಅವ್ನು ಆಡ್ಬೇಕು ಅಂದಿದ್ದ ಜಾಗ ಹೆಂಗೈತೆ? ಜೋರಾಗಿ ಯೋಳು. ಅವ್ನೂ ಕೇಳಿಸ್ಕೊಳ್ಳಿ."

ನಾನು ಹುಲ್ಲಿನಿಂದ ಶುರುಮಾಡಿದೆ.